ಅಂಗಡಿಯ ಗೂಗಲ್ ಮ್ಯಾಪ್ಸ್ ಮಾಹಿತಿ ಹಳತಾಗದಿರಲಿ

ಮ್ಯಾಪಿನಲ್ಲಿ ‘ತೆರೆದಿದೆ’ ಎಂದು ನೋಡಿ ಬಂದ ಗಿರಾಕಿಗೆ ಎಳೆದ ಶಟರ್ ಕಂಡರೆ, ಆತ ಇನ್ನೊಮ್ಮೆ ಬರುವುದು ಕಷ್ಟ. ಹಾಗಾಗಿ ವೇಳೆಯನ್ನೇ ಮೊದಲು ಸರಿಪಡಿಸಿ. ಅಂಗಡಿಯ ಪ್ರೊಫೈಲ್ ಇರುವ ಖಾತೆಯಿಂದ ಲಾಗಿನ್ ಆಗಿ, ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿದರೆ ತಿದ್ದುವ ಆಯ್ಕೆಗಳು ಬರುತ್ತವೆ. ಆಯುಧಪೂಜೆ, ದೀಪಾವಳಿ ರಜೆಗೆಂದು ಮಾಮೂಲಿ ವೇಳೆಯನ್ನು ಮುಟ್ಟಬೇಡಿ. ವಾಪಸ್ ಹಾಕಲು ಮರೆತು ತಪ್ಪು ವೇಳೆ ವಾರಗಟ್ಟಲೆ ಉಳಿದುಬಿಡುತ್ತದೆ. ವಿಶೇಷ ವೇಳೆಯ ಜಾಗದಲ್ಲಿ ಆ ತಾರೀಖನ್ನಷ್ಟೇ ಹಾಕಿದರೆ ಮರುದಿನ ಎಂದಿನ ವೇಳೆ ತಾನಾಗಿಯೇ ಬರುತ್ತದೆ.

ತಿಂಗಳಿಗೊಮ್ಮೆ ಹತ್ತು ನಿಮಿಷ ಕೂತು ಫೋನ್ ನಂಬರ್, ದರಪಟ್ಟಿ ನೋಡಿ. ತಿದ್ದುಪಡಿಯನ್ನು ಯಾರು ಬೇಕಾದರೂ ಸೂಚಿಸಬಹುದು, ನೀವು ಗಮನಿಸದಿದ್ದರೆ ಅದು ಪ್ರಕಟವೂ ಆಗಬಹುದು. ಹಳೇ ಮೆನು ಫೋಟೊದಲ್ಲಿ ಮಸಾಲೆ ದೋಸೆ 50 ರೂಪಾಯಿ, ಬಿಲ್ಲಿನಲ್ಲಿ 70: ಜಗಳ ಶುರುವಾಗುವುದೇ ಇಲ್ಲಿ. ಹೊಸ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಜೆಪಿಜಿ ಅಥವಾ ಪಿಎನ್‌ಜಿ, 5 ಎಂಬಿ ಒಳಗಿರಲಿ, 720×720 ಪಿಕ್ಸೆಲ್‌ಗಿಂತ ಕಡಿಮೆ ಬೇಡ.

ಹೆಸರಿನ ಜೊತೆ ‘ಮೈಸೂರಿನ ಬೆಸ್ಟ್ ಹೋಟೆಲ್’ ಅಂತ ಅಂಟಿಸಬೇಡಿ. ಬೋರ್ಡಿನಲ್ಲಿರುವ ಹೆಸರಷ್ಟೇ ಇರಬೇಕು, ಇಲ್ಲದಿದ್ದರೆ ಪ್ರೊಫೈಲೇ ಅಮಾನತಾಗಬಹುದು.