ವಾಹನ ಸದ್ದಿಲ್ಲದ ಹಳ್ಳಿ ದಾರಿಗಳಲ್ಲಿ ಸೈಕಲ್ ಪ್ರವಾಸ: ನಾನು ದಾರಿ ಹುಡುಕುವ, ಸೈಕಲ್ ಹೊಂದಿಸುವ ರೀತಿ

ಸೈಕಲ್ ಯಾವುದೇ ಇರಲಿ, ವಾಹನಗಳ ಕಾಟವಿಲ್ಲದ ಪ್ರವಾಸ ನಿಂತಿರುವುದು ದಾರಿಯ ಆಯ್ಕೆಯ ಮೇಲೆ. ಒಂದು ದಿನದ ಸವಾರಿಗೆ ಒಂದೆರಡು ಗಂಟೆ ನಕ್ಷೆಯ ಮುಂದೆ ಕೂರುತ್ತೇನೆ. ಆ್ಯಪ್‌ಗೆ ಎರಡು ಊರುಗಳ ಹೆಸರು ಕೊಟ್ಟು, ಅದು ಎಳೆದ ಗೆರೆಯನ್ನೇ ಹಿಡಿದು ಹೊರಡುವುದಿಲ್ಲ. ಆ ಗೆರೆ ಬಹುಮಟ್ಟಿಗೆ ಹತ್ತಿರದ ದಾರಿ. ನಮಗೆ ಹತ್ತಿರವಾದದ್ದು ಲಾರಿಗೂ ಹತ್ತಿರ. ಸೈಕಲ್ ಸವಾರರು ಹೆಚ್ಚು ಓಡಾಡಿದ ರಸ್ತೆಗಳನ್ನು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್‌ಗಳನ್ನೂ ಪೂರ್ತಿ ನಂಬಲಾಗದು. ಅಲ್ಲಿ ದಪ್ಪಗೆ ಕಾಣುವುದು ಎಷ್ಟೋ ಸಲ ವೇಗದ ಸವಾರರಿಗೆ ಇಷ್ಟವಾದ ನುಣುಪು ರಸ್ತೆ. ಅದರ ಮೇಲೆ ಎಷ್ಟು ಕಾರು ಓಡುತ್ತವೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ನಾನು ಹುಡುಕುವುದು ಹಾದುಹೋಗುವವರಿಗೆ ಉಪಯೋಗವಿಲ್ಲದ ರಸ್ತೆಯನ್ನು. ಒಂದು ಹಳ್ಳಿಗೆ ಬಂದು ಡಾಂಬರು ಮುಗಿಯುತ್ತದೆ, ಎದುರು ದಿಕ್ಕಿನಿಂದ ಪಕ್ಕದ ಹಳ್ಳಿಗೆ ಬಂದ ಡಾಂಬರೂ ಆ ಹಳ್ಳಿಯಲ್ಲೇ ಮುಗಿಯುತ್ತದೆ, ನಡುವೆ ಒಂದೆರಡು ಕಿಲೋಮೀಟರ್ ಹೊಲದ ದಾರಿ. ಕಾರು ತಿರುಗಿ ಹೋಗಲೇಬೇಕು, ಸೈಕಲ್ ದಾಟಿಬಿಡುತ್ತದೆ. ಇಂಥ ಒಂದು ಜೋಡಿ ಸಿಕ್ಕಿದರೆ ಆಚೀಚಿನ ಡಾಂಬರು ರಸ್ತೆಗಳಲ್ಲೂ ಆ ಹಳ್ಳಿಯವರನ್ನು ಬಿಟ್ಟು ಬೇರೆಯವರು ಬರುವುದು ಅಪರೂಪ. ಮೂರ್ನಾಲ್ಕು ಜೋಡಿಗಳನ್ನು ಪೋಣಿಸಿದರೆ ದಿನದ ದಾರಿ ಬಹುಪಾಲು ಸಿದ್ಧ. ಕಾಲುವೆಯ ಏರಿ, ಹಳಿ ಕಿತ್ತು ದಾರಿ ಮಾಡಿದ ಹಳೆಯ ರೈಲು ಮಾರ್ಗ ಸಿಕ್ಕರೆ ಇನ್ನೂ ಸಲೀಸು. ಉಗಿಬಂಡಿ ಎಳೆಯಲೆಂದು ಹಾಕಿದ ಹಳಿಯ ಏರು ಸಾಮಾನ್ಯವಾಗಿ ಶೇ. 2–3 ದಾಟುವುದಿಲ್ಲ, ತಿರುವುಗಳೂ ಉದ್ದ. ಕಾಲುವೆ ಏರಿಯ ತೊಂದರೆ ಒಂದೇ: ಎತ್ತರದಲ್ಲಿರುವುದರಿಂದ ನೆರಳಿಲ್ಲ, ಗಾಳಿ ನೇರ ಮೈಗೆ ಹೊಡೆಯುತ್ತದೆ. ಹೆದ್ದಾರಿಗೆ ಜೊತೆಜೊತೆಯಾಗಿ ಓಡುವ ಹಳೆಯ ರಸ್ತೆ ನೋಡಲು ಆಸೆ ಹುಟ್ಟಿಸುತ್ತದೆ. ಹೆದ್ದಾರಿಗೆ ಟೋಲ್ ಇದ್ದರೆ ಮಾತ್ರ ಅದನ್ನು ಮುಟ್ಟಬೇಡಿ. ಟೋಲ್ ತಪ್ಪಿಸುವ ಲಾರಿಗಳೆಲ್ಲ ಅಲ್ಲೇ ಇರುತ್ತವೆ.

ದಾರಿ ಎಳೆಯುವಾಗ ಮೊದಲು ಗುರುತು ಹಾಕುವುದು ಸೇತುವೆಗಳನ್ನು. ಊರುಗಳು ಆಮೇಲೆ. ನದಿ, ರೈಲು ಹಳಿ, ಎಕ್ಸ್‌ಪ್ರೆಸ್‌ವೇ ಇವನ್ನು ದಾಟಲು ಇರುವ ಜಾಗಗಳು ಕಡಿಮೆ, ಹಾಗಾಗಿ ಸುತ್ತಲಿನ ವಾಹನಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಕಿರಿದಾದ ಕೆಳಸೇತುವೆ, ಕಾಲುಸಂಕ, ದೋಣಿ ದಾಟು, ತಗ್ಗಿನ ಒಡ್ಡು ಇವೆಯೇ ಎಂದು ನೋಡಿಕೊಂಡು, ಅವುಗಳ ನಡುವೆ ದಾರಿ ಹೆಣೆಯುತ್ತೇನೆ. ಒಡ್ಡು ಮಳೆಗಾಲದಲ್ಲಿ ಮುಳುಗುತ್ತದೆ, ರೈಲಿನ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ. ಅದಕ್ಕೇ ಪ್ರತಿ ದಾಟಿಗೂ ಬದಲಿ ದಾರಿ ಒಂದನ್ನು ಮೊದಲೇ ಗುರುತಿಸಿಕೊಳ್ಳುವುದು. ದೊಡ್ಡ ಸೇತುವೆ ತಪ್ಪಿಸಲು ಆಗದಿದ್ದರೆ ಅದನ್ನು ಬೆಳಗಿನ ಮೊದಲ ಗಂಟೆಗೆ ಇಟ್ಟುಕೊಳ್ಳುತ್ತೇನೆ.

ಜನರೇ ಸೇರಿ ತಯಾರಿಸುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಲದ ದಾರಿಗಳಿಗೆ 1ರಿಂದ 5ರವರೆಗೆ ದರ್ಜೆ ಇದೆ: 1 ಅಂದರೆ ಗಟ್ಟಿ ಮೇಲ್ಮೈ, 5 ಅಂದರೆ ಬರೀ ಮಣ್ಣು, ಹುಲ್ಲು. ಸೈಕ್ಲೋಎಸ್‌ಎಂ ಎಂಬ ಪದರದಲ್ಲಿ ಇವೆಲ್ಲ ಸೈಕಲ್ ಸವಾರರಿಗೆ ಒಪ್ಪುವಂತೆ ಕಾಣುತ್ತವೆ. ಒಣ ಕಾಲದಲ್ಲಿ 3ನೇ ದರ್ಜೆಯವರೆಗೆ ಸಾಮಾನು ಹೊತ್ತ ಸೈಕಲ್ ಸುಲಭವಾಗಿ ಹೋಗುತ್ತದೆ. 4 ಬಂದರೆ ಸ್ವಲ್ಪ ದೂರ ತಳ್ಳಲು ಸಿದ್ಧವಿರಬೇಕು. ಆದರೆ ದರ್ಜೆ ನಮೂದಿಸಿದವರು ಯಾವ ತಿಂಗಳಲ್ಲಿ ನೋಡಿದ್ದರೋ, ಹಾಗಾಗಿ ಉಪಗ್ರಹ ಚಿತ್ರವನ್ನೂ ತೆರೆದು ನೋಡುವುದು ಲೇಸು. ದಾರಿಯ ನಡುವೆ ಹಸಿರು ಪಟ್ಟಿ ಕಂಡರೆ ವಾಹನ ಅಪರೂಪವೆಂದು ಅರ್ಥ. ಡಾಂಬರಿನ ನಡುವೆ ಬಿಳಿ ಗೆರೆ ಇದ್ದರೆ ಅಲ್ಲಿ ಎರಡು ಸಾಲು ವಾಹನ ಓಡುತ್ತವೆ. ಚಿತ್ರದ ಮೇಲೆ ಅಳತೆಪಟ್ಟಿ ಎಳೆದು ನೋಡಿ, ಅಗಲ 3–3.5 ಮೀಟರ್ ಇದ್ದರೆ ಸಮಾಧಾನ. ಇಷ್ಟೇ ಮುಖ್ಯವಾದದ್ದು ಕಲ್ಲು ಕ್ವಾರಿ: ಬಿಳಿ ಬೋಳು ಚೌಕಗಳಂತೆ ಕಾಣುತ್ತದೆ. ನಕ್ಷೆಯಲ್ಲಿ ಎಷ್ಟೇ ಸಣ್ಣ ಗೆರೆಯಾಗಿರಲಿ, ಕ್ವಾರಿಯಿಂದ ಮುಖ್ಯ ರಸ್ತೆಗೆ ಹೋಗುವ ದಾರಿಯಲ್ಲಿ ಟಿಪ್ಪರ್‌ಗಳು ಬಿಡುವಿಲ್ಲದೆ ಓಡುತ್ತವೆ.

ಏರಿಳಿತ ಲೆಕ್ಕ ಹಾಕಲು ನನ್ನದೊಂದು ಸರಳ ಅಳತೆ: ಒಟ್ಟು ಏರನ್ನು ಕಿಲೋಮೀಟರ್‌ಗಳಿಂದ ಭಾಗಿಸುವುದು. ಕಿಲೋಮೀಟರಿಗೆ 5 ಮೀಟರ್ ಅಂದರೆ ಸಮತಟ್ಟು, 10 ಅಂದರೆ ಅಲೆಯಂಥ ನೆಲ, 15 ದಾಟಿದರೆ ಅದು ಗುಡ್ಡ, ಆರಾಮದ ಪ್ರವಾಸವಲ್ಲ. ಅನೇಕ ಆ್ಯಪ್‌ಗಳಲ್ಲಿ ಎತ್ತರದ ಅಂಕಿ ಬರುವುದು ಸುಮಾರು 30 ಮೀಟರ್ ಚೌಕದ ಉಪಗ್ರಹ ಮಾಹಿತಿಯಿಂದ. ಹಳೆಯ ರೈಲು ದಾರಿ ದಿಬ್ಬ ಕಡಿದು ಹೋಗಿದ್ದರೆ ಆ್ಯಪ್ ದಿಬ್ಬದ ಎತ್ತರವನ್ನೇ ತೋರಿಸಿ ಸುಳ್ಳು ಏರು ಸೇರಿಸಿಬಿಡುತ್ತದೆ. ಅಂಥ ದಾರಿಯ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ.

ಇನ್ನು ಸೈಕಲ್. ಫ್ರೇಮ್ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಈ ಬಗೆಯ ಸವಾರಿಯನ್ನು ಕೆಡಿಸುವುದೂ ಉಳಿಸುವುದೂ ಟೈರು. ಅಗಲ 40ರಿಂದ 50 ಮಿ.ಮೀ., ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಉಬ್ಬುಗಳು. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಇದ್ದು ಟೈರು 42 ಮಿ.ಮೀ. ಆಗಿದ್ದರೆ ನಾನು ಹಿಂದೆ 40–45, ಮುಂದೆ 33–36 ಪಿಎಸ್‌ಐ ಗಾಳಿ ಹಾಕುತ್ತೇನೆ. ಟೈರಿನ ಗೋಡೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿ ಎಂಬ ಸಲಹೆಯಲ್ಲ. ಗಾಳಿ ಹೆಚ್ಚಾದರೆ ಪ್ರತಿ ಕಲ್ಲಿಗೂ ಸೈಕಲ್ ಎಗರುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ಕ್ಯಾರಿಯರ್ ಬೋಲ್ಟು ಸಡಿಲಾಗುತ್ತದೆ, ಒರಟು ನೆಲದಲ್ಲಿ ವೇಗವೂ ಕುಸಿಯುತ್ತದೆ. ಕಡಿಮೆಯಾದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಪಂಕ್ಚರ್ ಆದ ಟ್ಯೂಬಿನಲ್ಲಿ ಇಂಥ ಜೋಡಿ ತೂತು ಕಂಡರೆ ಮುಳ್ಳು ಹುಡುಕಬೇಡಿ, 4–5 ಪಿಎಸ್‌ಐ ಹೆಚ್ಚಿಗೆ ಹಾಕಿ.

ಒಂದೇ ತೂತಾದರೆ ಟೈರಿನ ಒಳಗಡೆ ಬೆರಳಾಡಿಸಿ ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಬಾರದು. ಅದೇ ಮುಳ್ಳು ಅರ್ಧ ಗಂಟೆಯಲ್ಲಿ ಮತ್ತೆ ಚುಚ್ಚುತ್ತದೆ. ಬೆರಳಿಗಿಂತ ಬಟ್ಟೆ ತುಂಡು ವಾಸಿ, ನೂಲು ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ. ಪ್ಯಾಚ್ ಬಿಟ್ಟುಕೊಳ್ಳಲು ಕಾರಣ ಸಾಮಾನ್ಯವಾಗಿ ಎರಡು: ಟ್ಯೂಬಿನ ಮೇಲಿನ ಅಚ್ಚಿನ ಗೆರೆಯನ್ನು ಉಜ್ಜಿ ಸಮ ಮಾಡದಿರುವುದು, ಅಂಟು ಒಣಗುವ ಮೊದಲೇ ಪ್ಯಾಚ್ ಒತ್ತುವುದು. ಅಂಟಿನ ಹೊಳಪು ಹೋಗುವವರೆಗೆ, ಸುಮಾರು ಐದು ನಿಮಿಷ, ತಾಳಬೇಕು. ಮುಳ್ಳು ಹೆಚ್ಚಿರುವ ನೆಲದಲ್ಲಿ ಟ್ಯೂಬ್‌ಲೆಸ್ ಮೇಲು. ಈ ಅಗಲದ ಟೈರಿಗೆ 50–60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಬೇಕು, ಬಿಸಿಲಿನ ಕಾಲದಲ್ಲಿ ಎರಡು-ಮೂರು ತಿಂಗಳಿಗೇ ಒಣಗಿಬಿಡಬಹುದು. ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್ ಚೀಲದಲ್ಲಿ ಇರಲೇಬೇಕು.

ಗೇರಿನಲ್ಲಿ ನೋಡಬೇಕಾದದ್ದು ಅತಿ ಹಗುರ ಗೇರು ಒಂದನ್ನೇ. ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 26 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 36 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರು ಕಿಲೋಮೀಟರಿಗೆ ತುಸು ಕಡಿಮೆ. ಈ ಗೇರಿನಲ್ಲೂ ಅಷ್ಟು ತುಳಿಯಲಾಗದ ಕಡಿದಾದ ಏರಿನಲ್ಲಿ ಇಳಿದು ತಳ್ಳುವುದಕ್ಕೂ ತುಳಿಯುವುದಕ್ಕೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಮಂಡಿಗೆ ತಳ್ಳುವುದೇ ಒಳ್ಳೆಯದು.

ಸಾಮಾನು ಕೆಳಗೆ, ಚಕ್ರದ ಅಚ್ಚಿಗೆ ಹತ್ತಿರ ಇರಬೇಕು. ಭಾರವೆಲ್ಲ ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ಪಕ್ಕದ ಚೀಲಗಳನ್ನು ಹಿಮ್ಮಡಿಗೆ ತಾಗದಷ್ಟು ಹಿಂದಕ್ಕೆ ಸರಿಸಿ, ಎರಡೂ ಬದಿ ಸಮ ಭಾರ ಹಾಕಿ, ನೀರಿನಂಥ ಭಾರದ ಸ್ವಲ್ಪ ಪಾಲನ್ನು ಫ್ರೇಮಿಗೆ ಕೊಡುವುದು ನನ್ನ ರೂಢಿ. ಕ್ಯಾರಿಯರ್, ಮಡ್‌ಗಾರ್ಡ್‌ಗಳ ಬೋಲ್ಟುಗಳು ಸಾಮಾನ್ಯವಾಗಿ ಎಂ5 (5 ಮಿ.ಮೀ. ದಪ್ಪ) ಅಳತೆಯವು. ಅವಕ್ಕೆ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ, ಚೀಲದಲ್ಲಿ ಎರಡು ಮೂರು ಹೆಚ್ಚುವರಿ ಬೋಲ್ಟು, ನಾಲ್ಕಾರು ಜಿಪ್‌ಟೈ. ಚಕ್ರದ ಕಡ್ಡಿ (ಸ್ಪೋಕ್) ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಚಕ್ರದ ನಡುವಿನ ಹಬ್‌ನಲ್ಲಿ ಬಾಗುವ ಮೊಣಕೈ ಹತ್ತಿರ. ಸಡಿಲವಾದ ಕಡ್ಡಿ ಪ್ರತಿ ಸುತ್ತಿಗೂ ಹಿಗ್ಗಿ ಕುಗ್ಗಿ ದಣಿದು ಮುರಿಯುತ್ತದೆ. ಹೊರಡುವ ಮುಂಚೆ ಜೋಡಿ ಜೋಡಿಯಾಗಿ ಹಿಂಡಿ ನೋಡಿ, ಮೆತ್ತಗಿದ್ದದ್ದನ್ನು ಬಿಗಿ ಮಾಡಿಸಬೇಕು.

ಮಳೆ ಬಿದ್ದ ಜೇಡಿಮಣ್ಣಿನ ದಾರಿಗೆ ಯಾವ ಉಪಾಯವೂ ಇಲ್ಲ. ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಬಲವಂತ ಮಾಡಿ ತುಳಿದರೆ ಗೇರು ಬದಲಿಸುವ ಡಿರೇಲರ್ ಮುರಿಯಬಹುದು. ಜಲ್ಲಿ, ಮರಳು ಮಿಶ್ರ ಮಣ್ಣು ಒಂದೇ ದಿನದಲ್ಲಿ ಒಣಗುತ್ತದೆ, ಜೇಡಿಗೆ ಎರಡು ಮೂರು ದಿನ ಬಿಸಿಲು ಬೇಕು. ಅಲ್ಲಿಯವರೆಗೆ ಬಳಸು ಡಾಂಬರೇ ಗತಿ.

ದಿನಕ್ಕೆ 40ರಿಂದ 60 ಕಿಲೋಮೀಟರ್ ಸಾಕು. ಸಾಮಾನು ಸಹಿತ ಮಿಶ್ರ ದಾರಿಯಲ್ಲಿ ಸರಾಸರಿ ಗಂಟೆಗೆ 12–15 ಕಿಲೋಮೀಟರ್ ಎಂದು ಲೆಕ್ಕವಿಟ್ಟರೆ ನಿಲ್ಲುವುದಕ್ಕೆ, ದಾರಿ ತಪ್ಪುವುದಕ್ಕೆ ಸಮಯ ಉಳಿಯುತ್ತದೆ. ಗಾಳಿಯನ್ನು ಜನ ಮರೆಯುತ್ತಾರೆ. 15ರ ವೇಗದಲ್ಲಿ ಹೋಗುವಾಗ 15ರ ಎದುರುಗಾಳಿ ಬಂದರೆ ಮೈಗೆ ಬಡಿಯುವುದು 30ರ ಗಾಳಿ. ತಡೆ ಎರಡರಷ್ಟಲ್ಲ, ನಾಲ್ಕರಷ್ಟು. ಬಯಲಿನಲ್ಲಿ ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಜೋರಾಗುವುದರಿಂದ ಬೆಳಿಗ್ಗೆ ಅದಕ್ಕೆ ಎದುರಾಗಿ ಹೋಗಿ, ಮಧ್ಯಾಹ್ನ ಬೆನ್ನಿಗೆ ಹಾಕಿಕೊಂಡು ಮರಳುವಂತೆ ಸುತ್ತು ಹಾಕುವುದು. ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ವಾಹನವಿಲ್ಲದ ದಾರಿಯಲ್ಲಿ ಅಂಗಡಿಯೂ ಇರುವುದಿಲ್ಲ, ಹಾಗಾಗಿ ಎರಡು ಲೀಟರ್ ಜೊತೆಯಲ್ಲಿರಲಿ. ನಕ್ಷೆ ಮೊದಲೇ ಇಳಿಸಿಕೊಂಡು, ಪರದೆ ಆರಿಸಿ, ಕವಲು ಬಂದಾಗ ಮಾತ್ರ ನೋಡಿದರೆ ಫೋನ್ ದಿನವಿಡೀ ಬಾಳುತ್ತದೆ.

ಹೊಲದ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲಿಗೆ ದನ, ಕುದುರೆ ಬೆದರುತ್ತವೆ. ಬೆಲ್‌ಗಿಂತ ದೂರದಿಂದಲೇ ಮಾತಾಡುತ್ತಾ ಬರುವುದು ಅವಕ್ಕೆ ಒಗ್ಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಬೇಡಿ. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಹಿಡಿದು, ಅದರ ಗಡಿ ದಾಟುವವರೆಗೆ ನಡೆಯಿರಿ. ಓಟ ನಿಂತ ಕೂಡಲೇ ಅದರ ಆಸಕ್ತಿ ಬಹುಪಾಲು ಇಳಿಯುತ್ತದೆ.

ಒರಟು ದಾರಿಗಳನ್ನೆಲ್ಲ ದಿನದ ಮೊದಲರ್ಧದಲ್ಲಿ ಮುಗಿಸಿ, ಕೊನೆಯ 10 ಕಿಲೋಮೀಟರಿಗೆ ಒಳ್ಳೆಯ ಡಾಂಬರು ಬರುವಂತೆ ದಾರಿ ಜೋಡಿಸಿ. ಕತ್ತಲಾಗುವ ಮುಂಚೆ ತಲುಪುವುದು ತಪ್ಪಿದರೆ ದೀಪದ ಬೆಳಕಿನಲ್ಲಿ ಜಲ್ಲಿ ತುಳಿಯುವ ಗತಿ ಬರಬಾರದು.