ಅಗ್ಗದ ಕುಲುಮೆ ಕತ್ತಿ ಆರಿಸುವುದು ಹೇಗೆ: ಪುಣೆಯ ಜೂನಾ ಬಜಾರಿನಿಂದ ಅಡಿಗೆಮನೆಯ ತನಕ

ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಕೈಯಲ್ಲಿ ಬಡಿದ ಕತ್ತಿ ಕೂಡಿಡುವುದು ನನ್ನ ಚಟ. ನನ್ನ ಹತ್ತಿರ ಇರುವ ಕತ್ತಿಗಳಲ್ಲಿ ಎಲ್ಲಕ್ಕಿಂತ ದುಬಾರಿಯದಕ್ಕೆ 900 ರೂಪಾಯಿ. ಉಳಿದವೆಲ್ಲ 150ರಿಂದ 500ರ ಒಳಗೆ. ಇದನ್ನು ಸಂಗ್ರಹ ಅಂದರೆ ನಮ್ಮ ಮನೆಯವರು ನಗುತ್ತಾರೆ. ಒಂದೊಂದು ಅಲಗಿಗೆ ಇಪ್ಪತ್ತು ಸಾವಿರ ಸುರಿಯುವ ಗೆಳೆಯರೂ ನನಗಿದ್ದಾರೆ. ಈಗ ಅವರೇ ಭಾನುವಾರ ಬೆಳಿಗ್ಗೆ ಫೋನ್ ಮಾಡಿ "ಮೇಡಂ, ಜೂನಾ ಬಜಾರಿಗೆ ಹೊಂಟ್ರ ನಾನೂ ಬರ್ತೀನ್ರೀ" ಅನ್ನುತ್ತಾರೆ. ಅಗ್ಗದ ಕತ್ತಿ ಆರಿಸುವುದು ಹೇಗೆ ಅಂತ ಪ್ರತಿ ಸಲ ಹೇಳುವ ಬದಲು ಬರೆದಿಟ್ಟರೆ ಆಯಿತು ಅಂತ ಕೂತಿದ್ದೇನೆ.

ಪುಣೆ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಗೇರು, ಶಾಫ್ಟುಗಳ ಗಡಸುತನ ಅಳೆಯುವುದು ನನ್ನ ಹೊಟ್ಟೆಪಾಡು. ಅಲ್ಲಿ ಸಾವಿರ ತುಂಡೂ ಒಂದೇ ಅಂಕಿ ತೋರಿಸಬೇಕು, ಚೂರು ಆಚೀಚೆ ಆದರೆ ಕೆಂಪು ಡಬ್ಬಕ್ಕೆ. ಕೈಯಲ್ಲಿ ಬಡಿದ ಕತ್ತಿಯಲ್ಲಿ ಬಡಿದವನ ಲೆಕ್ಕಾಚಾರವೆಲ್ಲ ಮೇಲೇ ಕಾಣುತ್ತದೆ: ಸುತ್ತಿಗೆ ಎಲ್ಲಿ ಓರೆಯಾಗಿ ಬಿತ್ತು, ಎಲ್ಲಿ ಸರಿಮಾಡಿದ, ಎಲ್ಲಿ "ಸಾಕು ಬಿಡು" ಅಂದುಕೊಂಡ. ಬೆಲೆ ಇಳಿದಷ್ಟೂ ಇದು ಹೆಚ್ಚು ಕಾಣುತ್ತದೆ, ಯಾಕಂದರೆ ಅದನ್ನು ಮುಚ್ಚುವ ಪಾಲಿಶಿಗೆ ಯಾರೂ ದುಡ್ಡು ಕೊಟ್ಟಿರುವುದಿಲ್ಲ.

ಹಾಗಾಗಿ ಕೊಳ್ಳುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಯಾಕೆ ಅಗ್ಗ? ಕಮ್ಮಾರ ಎಲ್ಲೋ ಉಳಿಸಿದ್ದಾನೆ. ಮೆರುಗಿನಲ್ಲಿ, ಹಿಡಿಯಲ್ಲಿ ಉಳಿಸಿದ್ದರೆ ತಕರಾರಿಲ್ಲ, ಅವೆರಡನ್ನೂ ನಾವೇ ಮಾಡಿಕೊಳ್ಳಬಹುದು. ಉಕ್ಕಿನಲ್ಲಿ, ಹದದಲ್ಲಿ (ಅಲಗನ್ನು ಕಾಯಿಸಿ, ನೀರಿಗದ್ದಿ ಗಟ್ಟಿ ಮಾಡುವ ಕೆಲಸದಲ್ಲಿ) ಉಳಿಸಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಜಪಾನಿನ ಕೋಚಿ ಕಡೆಯ ತೋಸಾ ಕತ್ತಿಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಇದಕ್ಕೇ. ಕುಲುಮೆಯ ಕಪ್ಪು ಪದರವನ್ನು ಉಜ್ಜದೆ ಹಾಗೇ ಬಿಡುತ್ತಾರೆ, ಉಜ್ಜುವ ಕೂಲಿ ಉಳಿಯುತ್ತದೆ, ಅಲಗಿನ ಬಾಯಿ (ಕತ್ತರಿಸುವ ಅಂಚು) ಮಾತ್ರ ಅಪ್ಪಟ. ನಮ್ಮ ಕುಡುಗೋಲು, ಈಳಿಗೆಗಳ ಮೈಯೂ ಹಾಗೇ ಕಪ್ಪಗಿರುತ್ತದೆ. ಅದನ್ನು ಯಾರೂ ಗೋಡೆಗೆ ತೂಗುಹಾಕಿ ಫೋಟೋ ತೆಗೆಯುವುದಿಲ್ಲ, ಅಷ್ಟೇ.

ಪುಣೆಯಲ್ಲಿ ಹುಡುಕುವ ಜಾಗ ಎರಡು. ಮಂಗಳವಾರ ಪೇಟೆಯ ಜೂನಾ ಬಜಾರ್ ಬುಧವಾರ, ಭಾನುವಾರ ಸೇರುತ್ತದೆ. ಹಳೆ ಬೀಗ, ಕ್ಯಾಮೆರಾ, ಪಾನಾಗಳ ರಾಶಿಯಲ್ಲಿ ತುಕ್ಕು ಹಿಡಿದ ಕತ್ತಿಗಳೂ ಬಿದ್ದಿರುತ್ತವೆ. ತುಕ್ಕಿಗೆ ಹೆದರಬೇಡಿ, ಗುಳಿ ಬಿದ್ದಿದ್ದರೆ ಮಾತ್ರ ಬಿಡಿ. ಎರಡನೆಯದು ಊರ ಹೊರಗಿನ ರಸ್ತೆಬದಿಯಲ್ಲಿ ಭಟ್ಟಿ ಹೂಡುವ, ಘಿಸಾಡಿ ಅನ್ನುವ ಅಲೆಮಾರಿ ಕಮ್ಮಾರರು. ರವಿವಾರ ಪೇಟೆಯ ಬೋಹ್ರಿ ಆಳಿ ಅನ್ನುವ ಗಲ್ಲಿಯಲ್ಲಿ ಸಾಣೆಕಲ್ಲು, ಅರ ಕೊಳ್ಳಿ, ಕತ್ತಿ ಬೇಡ. ಗೋವಾಕ್ಕೆ ಹೋದವರು ಮಾಪುಸಾದ ಶುಕ್ರವಾರದ ಸಂತೆಯನ್ನೂ ಒಂದು ಸುತ್ತು ಹಾಕಿ. ಒಂದು ಎಚ್ಚರಿಕೆ: ಕಬ್ಬಿನ ಹಂಗಾಮು ಅಕ್ಟೋಬರ್-ನವೆಂಬರಿನಲ್ಲಿ ಶುರುವಾಗುತ್ತದೆ. ಅದರ ಮುಂಚಿನ ದಿನಗಳಲ್ಲಿ ಕಮ್ಮಾರನಿಗೆ ಕೊಯ್ತಾ (ಕಬ್ಬು ಕಡಿಯುವ ಮಚ್ಚು) ಬಡಿದು ಮುಗಿಯುವುದಿಲ್ಲ, ನಿಮ್ಮ ತರಕಾರಿ ಕತ್ತಿಗೆ ಅವನ ಹತ್ತಿರ ಪುರುಸೊತ್ತಿರುವುದಿಲ್ಲ.

ಕತ್ತಿ ಕೈಗೆ ಬಂದ ಮೇಲೆ ಮೊದಲು ಬೆನ್ನು ನೋಡಿ, ಬಾಯಿ ಆಮೇಲೆ. ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ತುದಿಯವರೆಗೆ ದೃಷ್ಟಿ ಹಾಯಿಸಿ. ಬಡಿದು ಎಳೆದದ್ದಾದರೆ ಸಾಮಾನ್ಯವಾಗಿ ಬೆನ್ನು ಹಿಡಿಯ ಹತ್ತಿರ ದಪ್ಪ, ತುದಿಗೆ ಬರುತ್ತ ತೆಳ್ಳಗೆ. ತಗಡು ಕತ್ತರಿಸಿ ಮಾಡಿದ್ದಾದರೆ ಕೊನೆಯ ತನಕ ಒಂದೇ ದಪ್ಪ. ಯಂತ್ರದಲ್ಲಿ ಸುತ್ತಿಗೆ ಗುರುತು ಒತ್ತಿ "ಹ್ಯಾಂಡ್‌ಮೇಡ್" ಅಂತ ಮಾರುವವರು ಬೇಕಾದಷ್ಟಿದ್ದಾರೆ, ಈ ಇಳಿಜಾರಿನ ತಂಟೆಗೆ ಮಾತ್ರ ಅವರು ಹೋಗುವುದಿಲ್ಲ. ಆಮೇಲೆ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಅಲಗನ್ನು ಉಗುರಿನಿಂದ ಮೀಟಿ. ಖಣ್ ಅಂತ ಸದ್ದು ಉಳಿದರೆ ಸರಿ. ಟಪ್ ಅಂತ ಸತ್ತುಹೋದರೆ ಹಿಡಿ ಸಡಿಲವಾಗಿರಬೇಕು, ಇಲ್ಲವೇ ಅಲಗು ಬಿರಿದಿರಬೇಕು. ಮೊಬೈಲ್ ಟಾರ್ಚ್ ಹಾಕಿ ಬಾಯಿಯುದ್ದಕ್ಕೂ ನೋಡಿ. ಬಾಯಿಯಿಂದ ಬೆನ್ನಿನ ಕಡೆ ಏರುವ ಸಣ್ಣ ಗೆರೆ ಕಂಡರೆ ಅದು ಕಾದ ಅಲಗನ್ನು ನೀರಿಗಿಳಿಸುವಾಗ ಬಿದ್ದ ಬಿರುಕು. ಕೆಳಗಿಟ್ಟು ಮುಂದೆ ನಡೆಯಿರಿ.

ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಬರುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಕಿಟಕಿಯ ಸರಳೂ ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಅದರಿಂದ ಕತ್ತಿ ಮಾಡಿದರೆ ಟೊಮೇಟೊ ಸಿಪ್ಪೆಯೂ ಹರಿಯುವುದಿಲ್ಲ. ಅದರ ಬದಲು ಗರಗಸ ಮಸೆಯುವ ಸಣ್ಣ ತ್ರಿಕೋನ ಅರ ಒಯ್ಯಿರಿ. ಅಂಗಡಿಯವನನ್ನು ಕೇಳಿ, ಹಿಡಿಯ ಪಕ್ಕದಲ್ಲಿ ಬಾಯಿಯ ಮೇಲೆ ಒಂದೇ ಒಂದು ಸಲ ಹಗುರವಾಗಿ ಎಳೆಯಿರಿ. ಅರ ಜಾರಿದರೆ ಹದ ಬಿದ್ದಿದೆ. ಗರ್ ಅಂತ ಕಚ್ಚಿ ಪುಡಿ ಉದುರಿದರೆ ಮೆತ್ತನೆಯದು. ಎರಡರ ನಡುವೆ ಇದ್ದರೆ ಅದು ಕಾಯಿ ಒಡೆಯುವ, ಕಬ್ಬು ಕಡಿಯುವ ಜಾತಿ. ಹೊಲದಲ್ಲೇ ಕಲ್ಲಿಗೆ ಮಸೆದುಕೊಳ್ಳಲಿ, ಗಂಟಿಗೆ ಬಿದ್ದರೆ ಬಾಯಿ ಚಕ್ಕೆ ಏಳದಿರಲಿ ಅಂತ ಬೇಕೆಂದೇ ಅಷ್ಟಕ್ಕೆ ಇಳಿಸಿರುತ್ತಾರೆ, ಅದನ್ನು ಕಳಪೆ ಅನ್ನುವ ಹಾಗಿಲ್ಲ. ಅಡಿಗೆಮನೆಯ ಕತ್ತಿಗೆ ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 55ರ ಮೇಲೆ ಇದ್ದರೆ ನನಗೆ ಸಮಾಧಾನ. ಅರದ ಗಡಸು 60ಕ್ಕೂ ಮೇಲೆ, ಅದಕ್ಕೇ ಈ ಪರೀಕ್ಷೆ ನಡೆಯುವುದು.

ಹೇಳಿ ಮಾಡಿಸುವುದಾದರೆ ಇನ್ನೂ ಒಳ್ಳೆಯದು. ಲಾರಿಯ ಕಮಾನು ಪಟ್ಟಿಯದೇ (ಲೀಫ್ ಸ್ಪ್ರಿಂಗ್) ಬೇಕು ಅಂತ ಕೇಳಿ. ಅದರಲ್ಲಿ ಇಂಗಾಲ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ. ಮನೆ ಕಟ್ಟುವ ಸರಳಿನಲ್ಲಿ ಅದರ ಅರ್ಧವೂ ಇರುವುದು ಕಷ್ಟ, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ಗಟ್ಟಿಯಾಗದು. ಅನುಮಾನ ಬಂದರೆ ಗ್ರೈಂಡರಿಗೆ ಒಮ್ಮೆ ತಾಗಿಸಲು ಹೇಳಿ: ಸಾದಾ ಕಬ್ಬಿಣದ ಕಿಡಿ ಉದ್ದುದ್ದ ಗೆರೆಯಾಗಿ ಹೋಗುತ್ತದೆ, ಇಂಗಾಲ ಇರುವುದು ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಕವಲೊಡೆಯುತ್ತದೆ. ಬೇರಿಂಗಿನ ಉಕ್ಕಿನಲ್ಲಿ ಇಂಗಾಲ 1 ಶೇಕಡಾ ಇದೆ ನಿಜ, ಆದರೆ ಅದನ್ನು ಬಡಿಯುವುದು ಕಷ್ಟ, ಕಾವು ಚೂರು ತಪ್ಪಿದರೂ ಬಿರಿಯುತ್ತದೆ. ಒತ್ತಾಯ ಮಾಡಬೇಡಿ.

ಸೋಲಾಪುರ ರಸ್ತೆಯಲ್ಲಿ ನಾನು ಮಾಡಿಸುವ ಕಡೆ ಕಮ್ಮಾರನ ಹೆಂಡತಿ ಘಣ (ದೊಡ್ಡ ಸುತ್ತಿಗೆ) ಬೀಸುತ್ತಾಳೆ. ಗಂಡ ಇಕ್ಕಳದಲ್ಲಿ ಪಟ್ಟಿ ಹಿಡಿದು, ಮುಂದಿನ ಏಟು ಎಲ್ಲಿ ಅಂತ ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ. ಮಾತಿಲ್ಲ, ಕತೆಯಿಲ್ಲ. ಬಡಿಯುವುದು ನೋಡಲು ಚೆಂದ, ಆದರೆ ದುಡ್ಡು ಕೊಡುವುದು ಅದರ ಮುಂದಿನ ಕೆಲಸಕ್ಕೆ. ಹದ ಹಾಕುವಾಗ ಅವನು ನೆರಳಿಗೆ ತಿರುಗಿ ಕೂರುತ್ತಾನೆ, ಬಿಸಿಲಿನಲ್ಲಿ ಕಬ್ಬಿಣದ ಕೆಂಪು ತಿಳಿಯದು. ಕಾದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ಮುಟ್ಟಿಸಿ ತೆಗೆಯುತ್ತಾನೆ, ಬೆನ್ನಿನಲ್ಲಿ ಬಿಸಿ ಉಳಿದಿರುತ್ತದೆ. ಇಟ್ಟಿಗೆ ಚೂರಿನಿಂದ ಬಾಯಿಯ ಪಕ್ಕ ಗರಗರ ಉಜ್ಜಿದರೆ ಬೆಳ್ಳಗಿನ ಲೋಹ ಕಾಣುತ್ತದೆ. ಬೆನ್ನಿನ ಬಿಸಿ ಕೆಳಗಿಳಿಯುತ್ತ ಆ ಬಿಳಿಯ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಬರುತ್ತವೆ: ತಿಳಿ ಹಳದಿ, ಕಂದು, ನೇರಳೆ, ನೀಲಿ. ನೀಲಿಯತ್ತ ಹೋದಷ್ಟೂ ಬಾಯಿ ಮೆತ್ತಗಾಗುತ್ತದೆ. ನಮ್ಮ ಕಾರ್ಖಾನೆಯ ಗೋಡೆಯ ಪಟ್ಟಿಯಲ್ಲಿ ಹಳದಿ ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೇರಳೆ 280ರ ಹತ್ತಿರ, ನೀಲಿ 300. ಅವನಿಗೆ ಅಂಕಿ ಬೇಕಿಲ್ಲ. "ತಾಯೀ, ಭಾಜೀಸಾಠೀ ಕೀ ಹಾಡಾಸಾಠೀ?" (ತರಕಾರಿಗೋ, ಎಲುಬಿಗೋ?) ಅಂತ ಮೊದಲೇ ಕೇಳಿರುತ್ತಾನೆ. ತರಕಾರಿಗಾದರೆ ಹಳದಿಯಲ್ಲೇ ಪೂರ್ತಿ ಅದ್ದಿಬಿಡುತ್ತಾನೆ, ಎಲುಬು ಕಡಿಯಲಿಕ್ಕಾದರೆ ನೇರಳೆ ಬರುವ ತನಕ ಕಾಯುತ್ತಾನೆ. ಆ ಪ್ರಶ್ನೆ ಕೇಳದ ಕಮ್ಮಾರನ ಹತ್ತಿರ ನಾನು ಹೇಳಿ ಮಾಡಿಸುವುದಿಲ್ಲ.

ಚೌಕಾಸಿ ಮಾಡಿ, ಆದರೆ ಐವತ್ತು ರೂಪಾಯಿ ಇಳಿಸಿದರೆ ಅವನು ಇಳಿಸುವುದು ಈ ಕಾಯುವಿಕೆಯನ್ನೇ.

ಮನೆಗೆ ತಂದ ಕತ್ತಿ ಮೊದಲ ದಿನವೇ ಕತ್ತರಿಸದು. ಬಾಯಿಯ ಹಿಂದೆ ಮೈ ದಪ್ಪ ಇರುತ್ತದೆ, ಗಜ್ಜರಿ ಹೆಚ್ಚುವ ಬದಲು ಸೀಳುತ್ತದೆ. ಒರಟು ಕಲ್ಲಿನ ಮೇಲೆ, 220 ಅಥವಾ 400 ನಂಬರಿನದು, ಅಲಗನ್ನು ಬಹುಪಾಲು ಮಲಗಿಸಿ ಮೈ ಸವೆಸಬೇಕು. ಬೇಸರದ ಕೆಲಸ, ಒಂದು ಸಂಜೆ ಹೋಗುತ್ತದೆ, ರೇಡಿಯೊ ಹಚ್ಚಿಕೊಳ್ಳಿ. ಆಮೇಲೆ 1000 ನಂಬರಿನ ಕಲ್ಲಿನಲ್ಲಿ ಬಾಯಿ. ಅಲಗು ನಾಲ್ಕು ಸೆಂಟಿಮೀಟರ್ ಅಗಲ ಇದ್ದರೆ ಬೆನ್ನಿನ ಕೆಳಗೆ ಒಂದು ಸೆಂಟಿಮೀಟರ್ ಎತ್ತಿ ಹಿಡಿಯಿರಿ, ಹದಿನೈದು ಡಿಗ್ರಿ ಕೋನ ಸಿಗುತ್ತದೆ. ಓಣಿಗೆ ಬರುವ ಸೈಕಲ್ ಸಾಣೆಯವನಿಗೆ ಮಾತ್ರ ಕೊಡಬೇಡಿ. ಒಣ ಚಕ್ರದ ಬಿಸಿಗೆ ಬಾಯಿ ನೀಲಿ ತಿರುಗಿತೆಂದರೆ ಕಮ್ಮಾರ ಹಳದಿಯಲ್ಲಿ ನಿಲ್ಲಿಸಿದ್ದು ವ್ಯರ್ಥ.

ಮೊದಮೊದಲು ಉಳ್ಳಾಗಡ್ಡಿ, ಮಾವಿನಕಾಯಿ ಹೆಚ್ಚಿದರೆ ಅಲಗು ಕಪ್ಪಾಗುತ್ತದೆ, ತರಕಾರಿಗೂ ಸ್ವಲ್ಪ ಕಬ್ಬಿಣದ ವಾಸನೆ ಹತ್ತುತ್ತದೆ. ಗಾಬರಿಯಾಗಿ ಸ್ಕ್ರಬ್ಬರ್ ಹಿಡಿಯಬೇಡಿ. ಆ ನೀಲಿಗಪ್ಪು ಪದರ ಕೂತಷ್ಟೂ ಕೆಂಪು ತುಕ್ಕು ದೂರ. ಬಳಸಿದ ಕೂಡಲೇ ತೊಳೆದು ಒರೆಸಿ, ಸಿಂಕಿನಲ್ಲಿ ಬಿಡಬೇಡಿ. ಪುಣೆಯ ಜೂನ್‌ನಿಂದ ಸೆಪ್ಟೆಂಬರ್ ತನಕ ಬಳಸದ ಕತ್ತಿಗಳಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ ಸವರಿಡಿ. ಅಡಿಗೆ ಎಣ್ಣೆ ಅಂಟಾಗುತ್ತದೆ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿಗೆ ಅಗಸಿ ಎಣ್ಣೆ ಸಾಕು.

ಮೈಮೇಲೆ ಅಲೆ ಅಲೆ ಗೆರೆ ಇರುವ ಅಗ್ಗದ "ಡಮಾಸ್ಕಸ್" ಕತ್ತಿಗಳ ಬಗ್ಗೆ ಕೇಳುವವರಿಗೆ: ಎರಡು ಥರದ ಉಕ್ಕು ಬೆಸೆದು ಮಡಚಿದ್ದಾದರೆ ಅಲೆ ಒಳಗಿನ ತನಕ ಇರುತ್ತದೆ. ಒಂದು ಮೂಲೆಯನ್ನು ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ, ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಫೆರಿಕ್ ಕ್ಲೋರೈಡ್ ನೀರಿನಲ್ಲಿ ಕಲಸಿ ಹಚ್ಚಿ. ಅಲೆ ಮತ್ತೆ ಎದ್ದರೆ ನಿಜ, ಏಳದಿದ್ದರೆ ಮೇಲೆ ಅಚ್ಚು ಹೊಡೆದದ್ದು. ಕೈಗವಸು ಹಾಕಿಕೊಳ್ಳಿ, ಕಲೆ ಹೋಗುವುದಿಲ್ಲ.

ಇನ್ನು ಕಾಯಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಬಳಕೆ, ಕೃಷಿ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಆದರೆ ಕೊಯ್ತಾ ಝಳಪಿಸುವ ಪುಂಡರ ಸುದ್ದಿ ಆಗಾಗ ಬರುವ ಈ ಊರಿನಲ್ಲಿ, ರಾತ್ರಿ ಸ್ಕೂಟರ್ ತಡೆದ ಪೊಲೀಸರಿಗೆ ನೀವು ಅಡಿಗೆ ಪುರಾಣ ಹೇಳುತ್ತ ನಿಲ್ಲುವುದು ಬೇಡ. ಹಗಲಲ್ಲೇ ಕೊಳ್ಳಿ, ರಟ್ಟಿನಲ್ಲಿ ಸುತ್ತಿ, ದಾರ ಕಟ್ಟಿ, ಡಿಕ್ಕಿಯ ತಳಕ್ಕೆ ಹಾಕಿ ಸೀದಾ ಮನೆಗೆ ಬನ್ನಿ. ವಿಮಾನದಲ್ಲಾದರೆ ಚೆಕ್-ಇನ್ ಚೀಲಕ್ಕೆ.