ನೀಲಿಯಾಯ್ತು ಅಂತ ಎತ್ತಬೇಡಿ: ಬಿಸಿಲಲ್ಲಿ ಎಲೆಯ ಅಚ್ಚು ತೆಗೆಯುವುದು ಹೇಗೆ?

ಜನವರಿಯಲ್ಲಿ ಕಾರವಾರದ ಒಂದು ಮಕ್ಕಳ ಶಿಬಿರಕ್ಕೆ ಸಯನೋಟೈಪ್, ಅಂದರೆ ದ್ರಾವಣ ಬಳಿದ ಕಾಗದದ ಮೇಲೆ ಬಿಸಿಲಲ್ಲಿ ನೀಲಿ ಅಚ್ಚು ತೆಗೆಯುವುದನ್ನು ಹೇಳಿಕೊಡಲು ಹೋಗಿದ್ದೆ. 20 ಹಾಳೆಗಳಲ್ಲಿ 14 ನೀರಿಗೆ ಹಾಕಿದ ಕೂಡಲೇ ತೊಳೆದೇ ಹೋದವು. ಒಬ್ಬಳು ಹುಡುಗಿ ಅಳುವುದೊಂದು ಬಾಕಿ. ತಪ್ಪು ಮಕ್ಕಳದ್ದಲ್ಲ. ಪಕ್ಕದಲ್ಲಿ ನಿಂತ ದೊಡ್ಡವರು 'ನೀಲಿಯಾಯ್ತಲ್ಲ, ಸಾಕು ಎತ್ತು' ಅಂತ ಅವಸರ ಮಾಡಿಸಿದ್ದರು.

ವಿಧಾನ ಹೊಸದಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಇದನ್ನು ಕಂಡುಹಿಡಿದರು. ಮರುವರ್ಷವೇ ಅಲ್ಲಿನ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಕಡಲಪಾಚಿಗಳನ್ನು ಹೀಗೆ ಅಚ್ಚು ತೆಗೆದು ಪುಸ್ತಕ ಮಾಡತೊಡಗಿದರು. ಎಂಜಿನಿಯರುಗಳ ನೀಲನಕ್ಷೆ ಅಂತೀವಲ್ಲ, ಆ ನೀಲಿಯೂ ಇದೇ.

ಬೇಕಾದದ್ದು

ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, 100 ಮಿ.ಲೀ. ನೀರಿಗೆ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಇನ್ನೊಂದು 100 ಮಿ.ಲೀ. ನೀರಿಗೆ. ಎರಡೂ ಬೇರೆ ಬೇರೆ ಬಾಟಲಿಯಲ್ಲಿ, ಕತ್ತಲಲ್ಲಿ, ಮಕ್ಕಳ ಕೈಗೆ ಸಿಗದ ಕಡೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಉಳಿದ ದ್ರಾವಣಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೋಕಬಾರದು, ವಿಷಾನಿಲ ಬರಬಹುದು.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಕಾಗದವೇ ಆಗಲಿ. ತೆಳು ಡ್ರಾಯಿಂಗ್ ಶೀಟು ತೊಳೆಯುವಾಗ ಕೈಯಲ್ಲೇ ಹರಿಯುತ್ತದೆ. ಕಬ್ಬಿಣದ ಪಟ್ಟಿ ಇರುವ ಅಗ್ಗದ ಬ್ರಷ್ ಬೇಡ, ಅದು ನೀಲಿ ಚುಕ್ಕೆ ಬಿಡುತ್ತದೆ. ನಾನು ಸ್ಪಂಜಿನ ಬ್ರಷ್ಷನ್ನೇ ಬಳಸುವುದು.

ಬಳಿಯುವುದು, ಒಣಗಿಸುವುದು

ಎರಡೂ ದ್ರಾವಣ ಸಮಸಮ ಬೆರೆಸಿ, ಹಳದಿ ಜೀರೋ ಬಲ್ಬಿನ ಬೆಳಕಲ್ಲಿ ತೆಳ್ಳಗೆ ಬಳಿಯಿರಿ. ಇದು ಸುಲಭ. ಒಣಗುವುದರಲ್ಲೇ ಕರಾವಳಿಯವರು ಮುಗ್ಗರಿಸುವುದು. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಒಳಗೆ ತೇವ ಇದ್ದೇ ಇರುತ್ತದೆ. ಕತ್ತಲ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮೂರ್ನಾಲ್ಕು ಗಂಟೆ ಬಿಡಿ. ಬಳಿದ ಹಾಳೆಯನ್ನು ವಾರಗಟ್ಟಲೆ ಇಡಬೇಡಿ. ನಮ್ಮ ಹವೆಗೆ ಅದು ಡಬ್ಬಿಯಲ್ಲೇ ತನ್ನಷ್ಟಕ್ಕೆ ನೀಲಿಯಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳಲೇಬೇಡಿ. ಶಿರಸಿ ಕಡೆ ಅಡಿಕೆ ಒಣಗಲು ಅಂಗಳಕ್ಕೆ ಬರುವ ಚಳಿಗಾಲದ ದಿನಗಳೇ ಇದಕ್ಕೂ ಸರಿ. ಬೆಳಗಿನ ಮಂಜು ಪೂರ್ತಿ ಬಿಟ್ಟ ಮೇಲೆ ಶುರು ಮಾಡಿ, ಅಷ್ಟೇ.

ಎಲೆ

ಆಗಷ್ಟೇ ಕಿತ್ತ ಎಲೆಯನ್ನು ನೇರ ಇಟ್ಟರೆ ಬಿಸಿಲಿಗೆ ಗಾಜಿನ ಕೆಳಗೆ ಬೆವರುತ್ತದೆ. ಆ ನೀರು ಹಾಳೆಗೆ ಇಳಿದು ಅಂಚೆಲ್ಲ ಕಲೆ. ಹಳೆ ಪೇಪರಿನ ನಡುವೆ ಒಂದು ರಾತ್ರಿ ಭಾರ ಹೇರಿಡಿ. ಜರೀಗಿಡ, ನುಗ್ಗೆ, ಗಾಳಿಮರದ ಟೊಂಗೆ ಚೆನ್ನಾಗಿ ಬರುತ್ತವೆ. ದಾಸವಾಳ ಬೇಡ, ಲೋಳೆ. ಕಡಲಪಾಚಿ ತಂದರೆ ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು ಒಣಗಿಸಿ.

ಪ್ಲೈವುಡ್ ತುಂಡು, ಅದರ ಮೇಲೆ ಹಾಳೆ, ಎಲೆ, ಕೊನೆಗೆ ಗಾಜು. ನಾಲ್ಕೂ ಬದಿಗೆ ಕ್ಲಿಪ್ಪು ಬಿಗಿಯಾಗಿ. ಎಲೆ ಕೂದಲೆಳೆಯಷ್ಟು ಎದ್ದಿದ್ದರೂ ಅಂಚು ಮಸುಕು. ಗಾಜು ಸಾದಾ ಇರಲಿ. ನೇರಳಾತೀತ ಕಿರಣ ತಡೆಯುತ್ತದೆ ಅಂತ ಜಾಸ್ತಿ ದುಡ್ಡಿಗೆ ಮಾರುವ ಫ್ರೇಮಿನ ಗಾಜು ಇಲ್ಲಿ ದಂಡ. ಕೆಲಸ ಮಾಡುವುದೇ ಆ ಕಿರಣ, ಅಲ್ವಾ?

ಬಿಸಿಲು

ಇಲ್ಲಿ ನಿಧಾನ ಓದಿ. ಹಲಗೆಯನ್ನು ನೆಲಕ್ಕೆ ಮಲಗಿಸಬೇಡಿ, ಸೂರ್ಯನಿಗೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿ. ಹಾಳೆ ಮೊದಲು ಹಳದಿ ಹಸಿರು ಇರುತ್ತದೆ. ಒಂದೆರಡು ನಿಮಿಷಕ್ಕೆ ಹಸಿರು ನೀಲಿ, ಆಮೇಲೆ ಗಾಢ ನೀಲಿ. ಎಲ್ಲರೂ ಎತ್ತುವುದು ಇಲ್ಲೇ. ಎತ್ತಬೇಡಿ. ಈ ನೀಲಿಯಲ್ಲಿ ಅರ್ಧಕ್ಕರ್ಧ ನೀರಲ್ಲಿ ಹೋಗುವಂಥದ್ದು. ಬಿಸಿಲು ತಾಗಿದ ಕಬ್ಬಿಣ ಫೆರಿಸಯನೈಡಿನ ಜೊತೆ ಸೇರಿದಾಗ ಮಾತ್ರ ನೀರಿಗೆ ಕರಗದ ನೀಲಿ ಆಗುತ್ತದೆ. ಮೇಲ್ಮೈ ಸುಮ್ನೆ ಬಣ್ಣ ತಿರುಗಿದರೆ ಸಾಲದು.

ಇನ್ನೂ ಕಾಯಿರಿ. ನೀಲಿ ತಿರುಗಿ ಬೂದು ಬಣ್ಣವಾಗುತ್ತದೆ. ಕೊನೆಗೆ ತೊಳೆಯದೆ ವರ್ಷವಾದ ಹಿತ್ತಾಳೆ ಚೆಂಬಿನ ಬಣ್ಣ, ಮಂಕು ಹೊಳಪು. ನೋಡಿದರೆ 'ಅಯ್ಯೋ, ಹಾಳಾಯ್ತು' ಅನಿಸುತ್ತದೆ. ಅದೇ ಎತ್ತುವ ಹೊತ್ತು. ಜನವರಿಯ ನಡು ಮಧ್ಯಾಹ್ನ ನನಗೆ 12 ನಿಮಿಷ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಏಳೆಂಟು. ತೆಳು ಮೋಡ ಬಂದರೆ ಅದರ ದುಪ್ಪಟ್ಟು. ಗಡಿಯಾರ ನಂಬಬೇಡಿ, ಗಾಜಿನ ಮೇಲಿಂದಲೇ ಬಣ್ಣ ನೋಡಿ. ಎಲೆ ಎತ್ತಿ ಇಣುಕಿದರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ, ಎರಡೆರಡು ನೆರಳು ಬೀಳುತ್ತದೆ.

ಗೊತ್ತಾಗದಿದ್ದರೆ ಒಂದು ಪಟ್ಟಿ ಬಲಿ ಕೊಡಿ. ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೊಮ್ಮೆ ಒಂದೊಂದು ಇಂಚು ತೆರೆಯುತ್ತಾ ಹೋಗಿ. ತೊಳೆದರೆ ಎಷ್ಟು ನಿಮಿಷ ಬೇಕೆಂದು ಪಟ್ಟಿಯೇ ತೋರಿಸುತ್ತದೆ.

ತೊಳೆಯುವುದು

ತಣ್ಣೀರಿನ ಟಬ್ಬು. ಎಲೆ ಮುಚ್ಚಿದ್ದರಿಂದ ಬಿಳಿ ಉಳಿಯುವ ಜಾಗದಲ್ಲಿ ಹಳದಿ ಛಾಯೆ ಹೋಗುವ ತನಕ ನೀರು ಬದಲಿಸುತ್ತಾ 10 ನಿಮಿಷ. ಸೋಪು ಬಿದ್ದ ಬಕೆಟ್ ಬೇಡ. ಕ್ಷಾರ ತಾಗಿದರೆ ನೀಲಿ ಓಡುತ್ತದೆ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಎರಡು ಚಮಚ ಕೊನೆಯ ನೀರಿಗೆ ಹಾಕಿದರೆ ಕಣ್ಣೆದುರೇ ನೀಲಿ ಕಡುವಾಗುತ್ತದೆ. ಮಕ್ಕಳು ಕಿರುಚುವುದು ಆಗಲೇ. ಅದಿಲ್ಲದಿದ್ದರೂ ನಷ್ಟವಿಲ್ಲ, ಒಂದು ದಿನ ಕಳೆದರೆ ಗಾಳಿಗೇ ಅಷ್ಟು ಕಡುವಾಗುತ್ತದೆ.

ನೆರಳಲ್ಲಿ ಒಣಗಿಸಿ. ಚೌಕಟ್ಟು ಹಾಕಿ ಪಶ್ಚಿಮದ ಕಿಟಕಿಗೆ ಎದುರು ತೂಗುಹಾಕಿದರೆ ಕ್ರಮೇಣ ಮಂಕಾಗುತ್ತದೆ. ಹಾಗಾದರೆ ಇಳಿಸಿ, ಕೆಲವು ದಿನ ಕಪಾಟಿನ ಕತ್ತಲಲ್ಲಿಡಿ. ನೀಲಿ ಬಹುಪಾಲು ವಾಪಸ್ ಬರುತ್ತದೆ.